ಇನಾಸ್ ಮಾಮನ ಅನುವಾದ

ಆ ವರ್ಷ ನಮ್ಮ ಮನೆಯನ್ನು ಹಂಚಿದರು.
ಕುಕ್ಕರ್ ಒಂದು ಪೆಟ್ಟಿಗೆಗೆ, ಮುಚ್ಚಳದ ರಬ್ಬರು
ಹೇಗೋ ಇನ್ನೊಂದಕ್ಕೆ.
ತಂಗಿ ಜೆಸಿಂತಾ ಅಪ್ಪನ ಜೊತೆ ಭದ್ರಾವತಿಗೆ,
ಪೇಪರ್ ಟೌನಿನ ಸೈರನ್ನಿನ ಕೆಳಗೆ.
ಅಮ್ಮ, ಹೊಲಿಗೆ ಮಿಶನ್ನನ್ನು ಬಸ್ಸಿನ ಮೇಲೇರಿಸಿ, ಸಾಗರಕ್ಕೆ.
ನಾನು ಶಿವಮೊಗ್ಗ, ದುರ್ಗಿಗುಡಿಯಲ್ಲಿ
ರೇಡಿಯೋ ರಿಪೇರಿಯ ಇನಾಸ್ ಮಾಮನ ಮಹಡಿಗೆ.
ಒಂದು ತಿಂಗಳು ಅಷ್ಟೇ, ಅಂದರು.
ನನಗಾಗಲೇ ಒಂಬತ್ತು.
ತಿಂಗಳಿಗೆ ಎಷ್ಟು ದಿನ ಅಂತ ಗೊತ್ತಿತ್ತು.

ಮಾಮ ಫಿಲಂ ಸೊಸೈಟಿಯ ಪ್ರೊಜೆಕ್ಟರು ಓಡಿಸುತ್ತಿದ್ದ.
ಶನಿವಾರ ಸಂಜೆ, ಶಾಲೆಯ ಹಾಲು, ಕಿಟಕಿಗೆಲ್ಲ ಜಮಖಾನೆ.
ಹದಿನೆಂಟು ಜನ. ಇಬ್ಬರು ನಿದ್ದೆಗೆಂದೇ ಬಂದವರು.
ಸ್ವೀಡನ್ನಿನ ಚಿತ್ರವಂತೆ. ಆಳೆತ್ತರ ಹಿಮ,
ಮಿಲ್ಲಿನ ಅಂಗಳದಲ್ಲಿ ಸುರಿದ ಕಾಗದದ ತಿರುಳಿನ ಹಾಗೆ.
ಅದರ ನಡುವೆ ನನ್ನಷ್ಟೇ ಇರುವ ಹುಡುಗ,
ಕೈಯಲ್ಲೊಂದು ಸೂಟ್‌ಕೇಸು.

ಕೆಳಗೆ ಇಂಗ್ಲಿಷ್ ಅಕ್ಷರ ಇರುವೆಸಾಲಿನಂತೆ ಓಡುತ್ತಿತ್ತು.
ಮಾಮ ನನ್ನ ಕಿವಿಯಲ್ಲಿ ಹೇಳುತ್ತಾ ಹೋದ:
ಅವರಮ್ಮ ಊರಿಗೆ ಹೋದಳು. ಬರ್ತಾಳೆ.
ಅಪ್ಪನಿಗೆ ಬೇರೆ ಊರಲ್ಲಿ ಕೆಲಸ.
ಏನೋ ಒಡೀತಲ್ಲ ಮಾಮ?
ಹಳೇದು ಬಿಡು, ಹೊಸದು ತರ್ತಾರೆ.

ರೀಲು ಬದಲಿಸುವಾಗ ಶೇಂಗಾ ಪೊಟ್ಟಣ.

ಕೊನೆಗೆ ಹುಡುಗ ಬಾಗಿಲಲ್ಲಿ ನಿಂತು ಕೂಗಿದ, ಬಹಳ ಹೊತ್ತು.
ಮಾಮ ಬಗ್ಗಿ
ಸರಿಯಾಗಿಯೇ ಇದ್ದ ಫೋಕಸ್ಸನ್ನು ಸರಿಮಾಡಿದ.
ಏನಂತೆ?
ಊಟಕ್ಕೆ ಕರೀತಿದಾನೆ. ತಂಗೀನ.

ಮೂವತ್ತೆರಡು ವರ್ಷ ಕಳೆದು, ತಾಳಗುಪ್ಪದ ರೈಲಿನಲ್ಲಿ,
ಅಮ್ಮನ ಹೊಲಿಗೆ ಮಿಶನ್ ತರಲು ಹೊರಟಾಗ,
ಅದೇ ಚಿತ್ರ ಫೋನಿನಲ್ಲಿ ಸಿಕ್ಕಿತು.
ಹೆಬ್ಬೆರಳಗಲದ ಹಿಮ.
ಈಗ ಇರುವೆಗಳನ್ನು ಓದಬಲ್ಲೆ.
ಕುಂಸಿ ದಾಟುವಾಗ ಹುಡುಗನ ಅಮ್ಮ ಸತ್ತಳು.
ಅರಸಾಳಿನಲ್ಲಿ ಕ್ರಾಸಿಂಗಿಗೆ ನಿಂತಾಗ
ಅಪ್ಪ ಎಂಬವನೇ ಇರಲಿಲ್ಲ ಅಂತ ತಿಳಿಯಿತು.
ಒಡೆದದ್ದನ್ನು ಯಾರೂ ಮತ್ತೆ ತರಲಿಲ್ಲ.
ಮಾಮ, ಹದಿನೇಳು ಸುಳ್ಳು ಲೆಕ್ಕ ಹಾಕಿದೆ,
ಆಮೇಲೆ ಬಿಟ್ಟೆ.

ಹುಡುಗ ಬಾಗಿಲಿಗೆ ಬಂದ.
ಬಾಯಿ ತೆರೆದ.
ಫೋನನ್ನು ಮಡಿಲಲ್ಲಿ ಮಗುಚಿಟ್ಟೆ.
ಎದುರಿನ ಸೀಟಿನ ಅಜ್ಜಿ, ಚಾರ್ಜು ಹೋಯ್ತಾ, ಅಂದರು.
ಹೂಂ ಅಂದೆ.

ಆನಂದಪುರದಲ್ಲಿ ಸಿಗ್ನಲ್ಲು ಬಂತು.
ಸೈರನ್ನು ನಿಂತುಹೋದ ಪೇಪರ್ ಟೌನಿಗೆ ಫೋನು ಹಚ್ಚಿದೆ.
ಜೆಸಿಂತಾ, ಊಟ ಆಯ್ತಾ?
ಗಂಟೆ ನಾಲ್ಕೂವರೆ ಅಕ್ಕಾ, ಅಂದಳು,
ಏನಾಗಿದೆ ನಿನಗೆ?