ನಾಕೂವರಿ ಫೂಟು

ಏಳನೇ ಮಜಲಿಗೆ ಎಲ್ಲಾರೂ ಅಂಜತಾರ.
ಬೆಲ್ಟು ಕೇಳತಾರ, ಜಾಳಿ ಕಟ್ಟಂತಾರ,
ತುದಿಗೆ ಹೋಗೂಮುಂದ ಹೆಜ್ಜಿ ಎಣಿಸಿ ಇಡತಾರ
ಮೊದಲನೇ ದಿನ ಅಡಗಿಮನಿ ಹೊಕ್ಕ ಸೊಸಿಹಂಗ.

ನಾ ಹೇಳಾಂವ ನಾಕೂವರಿ ಫೂಟಿನ ಮಾತು.

ಬಾಗಲಕೋಟಿ, ನವನಗರದ ಕಡೀ ಸೆಕ್ಟರು,
ಸಾಲಿ ಕಟ್ಟೂ ಕೆಲಸ. ಪಾಯಾ ತುಂಬಿ ಮುಗದಿತ್ತು.
ಹಿನ್ನೀರಿನ ಕಡಿಂದ ಗಾಳಿ, ನೆತ್ತಿ ಮ್ಯಾಲೆ ಬಿಸಲು.
ಪ್ಲಿಂತಿನ ತುದಿಗೆ ನಿಂತ ಹುಲಿಗೆವ್ವ
ಪುಟ್ಟಿ ಕೆಳಗಿಳಿಸಿ
ಯಾರೋ ಅಂದ ಮಾತಿಗೆ ನಗಕೋತ
ಒಂದ ಹೆಜ್ಜಿ ಹಿಂದ ಸರದ್ಲು.

ಕೆಳಗ ಕ್ಯೂರಿಂಗಿನ ತೊಟ್ಟಿ,
ಅದಕ್ಕ ಕಲ್ಲಿನ ಅಂಚು.
ಆಕಿ ನಗಿ ಇನ್ನೂ ಮುಗದಿದ್ದಿಲ್ಲ.

ಸಂಜಿಕ್ಕ ಕುಣಿ ತಗಿಯಾಕ ಅಳತಿ ಬೇಕಂದ್ರು.
ಟೇಪು ನನ್ನ ಕಿಸೇದಾಗ ಇತ್ತು.
ಐದ ಫೂಟು ಒಂದ ಇಂಚು.
ಮುಂಜಾನೆ ಅದ ಟೇಪಿಲೆ ಪ್ಲಿಂತ ಅಳದಿದ್ದೆ,
ನಾಕೂವರಿ.
ತನಕಿಂತ ಗಿಡ್ಡ ಎತ್ತರದಿಂದ ಬಿದ್ದು ಆಕಿ ಸತ್ಲು.
ಎಷ್ಟ ಸಲ ಕೂಡಿಸಿದ್ರೂ ಈ ಲೆಕ್ಕ ನನಗ ಕೂಡಿ ಬರವಲ್ದು.

"ಹಣಿಬರಾ" ಅಂದ್ರು ಗುತ್ತಿಗೆದಾರ ಮಳಗಿಮನಿಯವ್ರು.
ಹಣಿಗೆ ಏನೂ ಆಗಿದ್ದಿಲ್ರಿ.
ಪೆಟ್ಟ ಬಿದ್ದದ್ದು ಹೆಡಕಿಗೆ.

ನಾಕೂವರಿ ಫೂಟ ಹುಡುಗ್ರು ಜಿಗದ ಇಳೀತಾರ,
ನಾನೂ ಜಿಗದೀನಿ.
ಜಿಗಿಯಾಂವಗ ನೆಲಾ ಎಲ್ಲೈತಿ ಗೊತ್ತಿರತೈತಿ.
ಬೀಳಾಂವಗ
ತಾ ಬೀಳಾಕತ್ತೀನಿ ಅನ್ನೂದ ಗೊತ್ತಿರೂದಿಲ್ಲ.

ಅವತ್ತಿನಿಂದ ನಾ, ಸೆಂಟ್ರಿಂಗ ಮೇಸ್ತ್ರಿ ಬುಡ್ಡೇಸಾಬ,
ಪಾಯಾ ಮ್ಯಾಲೆ ಬಂತಂದ್ರ ಮೊದಲ ಇದನ್ನ ಮಾಡತೀನಿ:
ಬೀಮಿನ ಪಕ್ಕಕ್ಕ ಕ್ಲಾಂಪು ಬಿಗದು
ಆರ ಫೂಟಿಗೊಂದು ಗಳಾ ನಿಲ್ಲಸತೀನಿ.
ಹೊಕ್ಕಳಕ್ಕಿಂತ ಮ್ಯಾಲೆ ಒಂದ ಅಡ್ಡಗಳಾ, ಮೊಣಕಾಲಿಗೆ ಒಂದು,
ಕಾಲಬುಡಕ ಹಲಿಗಿ. ಇಟ್ಟಂಗಿ ಜಾರಿ
ಕೆಳಗಿದ್ದಾವನ ತಲಿ ಮ್ಯಾಲೆ ಕೂಡಬಾರದಲ್ಲ.
ಹಗ್ಗಕ್ಕ ಖಾಲಿ ಚೀಲಾ ತೂಗಬಿಟ್ರ
ಅದು ತುದಿ ಐತಿ ಅಂತ ಹೇಳತೈತಿ ಖರೆ,
ಬೀಳಾವ್ರನ್ನ ಹಿಡಿಯೂದಿಲ್ಲ.
ತೊಟ್ಟಿ ಹತ್ತ ಮಾರು ದೂರ.
ನೆಲದಿಂದ ಎದ್ದ ಸರಳಿನ ಮೂತಿ ಬಾಗಿಸಬೇಕು,
ಇಲ್ಲಾ ಕಟ್ಟಿಗಿ ಟೊಪ್ಪಿಗಿ ಹಾಕಬೇಕು.
ಹತ್ತಿ ಇಳಿಯಾಕ ಒಂದ ಬಾಗಲಾ.

ಗಂಟ ಬಿಗದ ಮ್ಯಾಲೆ ಮೈ ಪೂರಾ ಹಾಕಿ ಆನಸತೀನಿ.
ಎಂಬತ್ತ ಕಿಲೋ,
ಬಕ್ರೀದ ಆದಮ್ಯಾಲೆ ಇನ್ನೊಂದೆರಡು.
ನನ್ನ ತಾಳಿತಂದ್ರ
ಪುಟ್ಟಿ ಹೊತ್ತ ಹೆಣ್ಣಮಗಳನ್ನ ತಾಳತೈತಿ.

"ಮಾಮಾ, ಎಮ್ಮಿ ಕಟ್ಟಾಂವೇನು ಇಲ್ಲೆ?"
ಹುಡುಗ್ರು ನಗತಾರ.
ನಗಲಿ.
ನಗೂ ಮಂದಿ ಹಿಂದ ಸರೀತಾರ,
ಅದಕ್ಕ ಹಿಂದ ಏನರೆ ಇರಬೇಕು.

ಪ್ಲಾಸ್ಟರಿನವ್ರು ಬಂದು ಗಳಾ ಬಿಚ್ಚತಾರ,
ಒಮ್ಮೊಮ್ಮೆ ಅನ್ನಾ ಕುದಿಸಾಕ ಒಲಿಗೂ ಹಾಕತಾರ.
ಮತ್ತ ಕಟ್ಟತೀನಿ.
ಬೈಗಳಾ ಬೀಡಿ ಜೋಡಿ ಸೇದಿ ಬಿಡತೀನಿ.

ನಿನ್ನಿ ಹುಲಿಗೆವ್ವನ ನಾದಿನಿ ಕಾಶವ್ವ ಕೆಲಸಕ್ಕ ಬಂದ್ಲು.
ಬುತ್ತಿಗಂಟು ಅಡ್ಡಗಳಕ್ಕ ತೂಗಬಿಟ್ಲು,
ಕೂಸಿನ ಜೋಳಗಿನೂ ಅಲ್ಲೇ ಕಟ್ಟಾಕ ಹೋದ್ಲು.
"ಏ ತಂಗಿ, ಅದನ್ನ ಒಳಗಿನ ಕಂಬಕ್ಕ ಕಟ್ಟು."
ಮುಖಾ ನೋಡಿದ್ಲು, ಏನೂ ಅನ್ನಲಿಲ್ಲ,
ಒಳಗ ಹೋಗಿ ಕಟ್ಟಿದ್ಲು.

ಚಾದ ಹೊತ್ತಿಗೆ ನೋಡತೀನಿ,
ಕಾಶವ್ವ ಗಳಕ್ಕ ಬೆನ್ನು ಆನಿಸಿ ನಿಂತಾಳ,
ಬಸಿ ತುಂಬ ಚಾ, ಬಾಯಿ ತುಂಬ ಮಾತು,
ಎಲ್ಲೆ ನಿಂತೀನಿ ಅನ್ನೂ ಖಬರಿಲ್ಲ.
ಗಳಾ ಕಿರ್ರ ಅಂತು.

ನನ್ನ ಚಾ ಆರಿತು.
ಮೂರನೇ ಗಂಟಿನ ತಂತಿ ಸಡಲ ಆಗೇತಿ.
ಇಕ್ಕಳಾ ಎಲ್ಲಿಟ್ಟೆ?