ಹತ್ತು ಸೆಡಿಯ ಲೆಕ್ಕ

ಹೆಡ್‌ಮಾಸ್ಟರ್ ಕ್ಪೊಡೊ ಅವರಿಗೆ,
ಸ್ವಾತಂತ್ರ್ಯ ದಿನದ ಅಲಂಕಾರಕ್ಕೆಂದು
ನೀವು ಕೈಯಲ್ಲಿಟ್ಟ ಹತ್ತು ಸೆಡಿ ನೋಟಿಗೆ
ಲೆಕ್ಕ ಕೇಳಿದ್ದಿರಿ. ಬರೆದಿದ್ದೇನೆ.

ಕೇಟಾ ಪೇಟೆಯಲ್ಲಿ ವಿಚಾರಿಸಿದೆ.
ಬಣ್ಣದ ಕಾಗದದ ಕಟ್ಟು ಮುಟ್ಟಿದರೆ ಬಿಸಿ,
ಬಟ್ಟೆಯ ಬಾವುಟದ ಮಾತು ಬೇಡ.
'ಮಾರ್ಚ್ ಆರು ಬಂತಲ್ಲ ಟೀಚರ್' ಎಂದು
ನಕ್ಕಳು ಅಂಗಡಿಯವಳು.
ನೋಟು ಮಡಿಸಿ ಸೆರಗಿನ ಗಂಟಿಗೆ ಸೇರಿಸಿ
ಮರಳಲ್ಲಿ ನಡೆದು ಬಂದೆ.

ಮಕ್ಕಳಿಗೆ ಹೇಳಿದೆ:
ನಾಳೆ ಬರಿಗೈಯಲ್ಲಿ ಬರಬೇಡಿ.

ಬಂದವು ನೋಡಿ.
ಅನ್ಲೋಗಾದ ಹೊಲದಿಂದ ಸಣ್ಣ ಈರುಳ್ಳಿ ಸಿಪ್ಪೆ, ಗೋಣಿ ತುಂಬ;
ಕುದಿಸಿದರೆ ಹೊನ್ನು.
ಮರಗೆಣಸಿನ ಎಲೆ, ಕಲ್ಲಲ್ಲಿ ಜಜ್ಜಿದರೆ ಹಸಿರು
(ಮೊದಲ ದಿನ ಹಸಿರು, ಆಮೇಲೆ ಅದರಿಷ್ಟ).
ಒಲೆಯ ಇದ್ದಿಲು ನಕ್ಷತ್ರಕ್ಕೆ.
ಕೆಂಪಿಗೆ ಒಣ ಪುಂಡಿ ಹೂ:
ಸಿತ್ಸೋಫೆಯ ತಾಯಿ ಅದರ ಶರಬತ್ತು ಮಾರುತ್ತಾಳೆ,
ತಳದ ಚರಟ ನಮಗೆ ಕೊಟ್ಟಳು.

ಕುಡಿದೆಸೆದ ನೀರಿನ ಪ್ಯಾಕೆಟ್ಟಿಗೆ ಬಣ್ಣ ಹಿಡಿಯಲಿಲ್ಲ.
ಸೀಳಿ ಸೀಳಿ ಬಾಲ ಮಾಡಿದೆವು.
ಕಾಗದ ಹೋದ ವರ್ಷದ ಗಣಿತದ ಪುಸ್ತಕದ್ದು.
ಹೊನ್ನಿನ ಪಟ್ಟಿಯ ಅಡಿಯಲ್ಲಿ ಇನ್ನೂ ಕಾಣುತ್ತಿದೆ
ನಾನು ಹಾಕಿದ ತಪ್ಪು ಗುರುತು.
ನೀವು ಕನ್ನಡಕ ಹಾಕದೆ ನೋಡಿದರೆ ಕಾಣದು.

ನಕ್ಷತ್ರಕ್ಕೆ ಐದು ಮೂಲೆ ಎಂದು ಮೂರು ಸಲ ಹೇಳಿದೆ.
ಎತೊರ್ನಾಮ್ ಆರು ಕತ್ತರಿಸಿದ.
ಒಂದು ಮುರಿದರೂ ಇರಲಿ ಅಂತ, ಎಂದ.

ಬಾವುಟದ ಪಾಠ ಒಪ್ಪಿಸಿದವು ಒಂದೇ ಉಸಿರಲ್ಲಿ:
ಕೆಂಪು, ನೆತ್ತರು ಚೆಲ್ಲಿದವರಿಗೆ.
ಹೊನ್ನು, ನೆಲದೊಳಗಿನ ಗಣಿಗೆ.
ಹಸಿರು, ಕಾಡಿಗೆ.
ಜಿಜೋರ್ ಕೈಯೆತ್ತಿದಳು.
ಗಣಿ ನೋಡಿಲ್ಲ ಅವಳು, ಕಾಡೂ ನೋಡಿಲ್ಲ.
ಈ ಕಡೆ ಸಮುದ್ರ, ಆ ಕಡೆ ಹಿನ್ನೀರು,
ನಡುವೆ ಚಾಪೆಯಗಲದ ಮರಳಲ್ಲಿ ಹುಟ್ಟಿದವಳು.
'ಟೀಚರ್, ನೀರು ಯಾವ ಬಣ್ಣದಲ್ಲಿದೆ?'

ನಾನು ಅಕ್ಷರ ಕಲಿತ ಶಾಲೆ ಈಗ ಅಲೆಯ ಕೆಳಗಿದೆ.
ಗಂಟೆ ಕಟ್ಟಿದ್ದ ತೆಂಗಿನಮರವೂ.
ಉತ್ತರ ಪುಸ್ತಕದಲ್ಲಿರಲಿಲ್ಲ.
ಕೈ ತೊಳೆದು ಬನ್ನಿ, ಎಂದೆ.

ತೊಳೆದು ಬಂದಳು. ಪೂರ್ತಿ ತೊಳೆದಿರಲಿಲ್ಲ, ಎಂದಿನಂತೆ.
ಸಾಬೂನಿನ ನೀರು ತೊಟ್ಟಿಕ್ಕುವ ಕೈಯನ್ನು
ಹಸಿ ಕೆಂಪಿನ ಮೇಲೆ ಊರಿದಳು.

ಕೆಂಪು ಮೊದಲು ಬೆಚ್ಚಿತು.
ನೇರಳೆಯಾಯಿತು.
ಆಮೇಲೆ, ನಾವೆಲ್ಲ ನೋಡುನೋಡುತ್ತಿದ್ದಂತೆ,
ಐದು ಬೆರಳಿನ ಆಕಾರದಲ್ಲಿ
ನೀಲಿ.

ಮೂವತ್ತೇಳು ಮಕ್ಕಳು ಸುಮ್ಮನಾದದ್ದು
ಈ ವರ್ಷ ಅದೊಂದೇ ಸಲ.
ಹೋದ ಆಗಸ್ಟಿನಲ್ಲಿ ಅವಳಪ್ಪನ ದೋಣಿ ಮಾತ್ರ ಮರಳಿ ಬಂದದ್ದು
ನಿಮಗೂ ಗೊತ್ತು.
ಯಾರೂ ಅದನ್ನು ಆಡಲಿಲ್ಲ.
ಎಲ್ಲಿತ್ತು ಇದು, ಎಂದ ಎತೊರ್ನಾಮ್.
ಒಳಗೇ ಇತ್ತು, ಎಂದಳು ಜಿಜೋರ್.

ಸಾಲು ಕಟ್ಟಿದ್ದು ಹಳೆಯ ಬಲೆಯ ದಾರಕ್ಕೆ, ಪುಕ್ಕಟೆ.
ಅಂಟು ಮರಗೆಣಸಿನ ಗಂಜಿ; ಇರುವೆಗಳಿಗೂ ಹಿಡಿಸಿದೆ.
ಆ ಒಂದು ಹಾಳೆ ಕೊನೆಯಲ್ಲಿದೆ, ಸಮುದ್ರದ ಕಡೆಗೆ.
ಅಧಿಕಾರಿಗಳು ಬರುವ ಬಾಗಿಲಿಗೆ ಬೆನ್ನು.
ನಿಯಮಕ್ಕೆ ಹೊಂದದು, ಬಲ್ಲೆ.
ತೆಗೆಯಿರಿ ಎಂದರೆ ತೆಗೆಯುತ್ತೇನೆ,
ಆದರೆ ಹೇಳುವವರು ನೀವಾಗಬೇಕು, ಅವಳೆದುರಿಗೆ.

ಇನ್ನು ಹಣ.
ಹತ್ತು ಸೆಡಿಗೆ ಹತ್ತು ಬೊಫ್ರೋಟ್, ಎಣ್ಣೆಯಿಂದ ಆಗತಾನೆ ತೆಗೆದವು.
ಒಂದೊಂದು ನಾಲ್ಕು ತುಂಡು.
ಮಕ್ಕಳಿಗೆ ಹಂಚಿ ಉಳಿದದ್ದು ಮೂರು:
ಒಂದು ನಾನು ತಿಂದೆ, ಒಂದು ಆಡು ಕದ್ದಿತು,
ಒಂದು ಈ ಚೀಟಿಯ ಜೊತೆಗಿದೆ.
ಎಣ್ಣೆಯ ಕಲೆಗೆ ಕ್ಷಮೆಯಿರಲಿ.

ಸಾಬೂನು ನನ್ನ ಮನೆಯದು.
ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇಂತಿ,
ಅಕೊರ್ಫಾ, ಮೂರನೆಯ ತರಗತಿ