ಆಟಕ್ಕುಂಟು

ಹಿದ್ದ್‌ನ ಹಡಗುಕಟ್ಟೆ. ಹನ್ನೆರಡಕ್ಕೆ ಸೈರನ್ ಕೂಗಿದರೆ
ಅಂಗಳವನ್ನು ಬಿಸಿಲಿಗೆ ಬಿಟ್ಟು ಎಲ್ಲರೂ ನೆರಳಿಗೆ.
ನಾನು ಏಸಿಯ ಕೆಳಗೆ ಶಾಲು ಹೊದ್ದು
ಕೋಡಿನ ಕನ್ನಡಿ ಹಿಡಿದು ಒಂದೊಂದನ್ನೇ ಕೇಳುತ್ತೇನೆ:
ನೀನು ಎಣಿಸಿಟ್ಟ ಬಗೆಯೋ, ಅಲ್ಲವೋ?

ಹೌದೆಂದರೆ ಪಟ್ಟಿ ಬಿಚ್ಚಿ ತೋರಿಸುತ್ತೇನೆ, ಆರಿಸಿಕೊ.
ಅಲ್ಲವೆಂದರೆ ಬರಿಯ ಚೌಕ, ಏನಾದರೂ ಬರೆದುಕೊ.
ರಕ್ತದ ಗುಂಪು ಹೌದು ಅಂದಿತು.
ಬೂಟಿನ ಅಳತೆಯೂ.
ತಂದೆಯ ಹೆಸರು ಅಲ್ಲ; ಅದಕ್ಕೆಲ್ಲಿಯ ಪಟ್ಟಿ.
ಕಸುಬಿಗೆ ಬಂದರೆ
ಮೇಸ್ತ್ರಿ, ವೆಲ್ಡರ್, ರಿಗ್ಗರ್, ಬಣ್ಣ ಬಳಿಯುವವ,
ಹೌದು ಹೌದು ಎನ್ನುತ್ತ ಸಾಲಾಗಿ ನಿಂತರು.
ಕೊನೆಯವರೆಗೆ ನೋಡಲಿಲ್ಲ ನಾನು, ಊಟದ ಹೊತ್ತು.

ಗುರುವಾರ ಕಿಟಕಿಗೆ ಬಂದರು ಗಂಗೊಳ್ಳಿಯ ಪುರಂದರ ಖಾರ್ವಿ,
ಕಿವಿಯಲ್ಲಿ ಹತ್ತಿ, ಕೈಯಲ್ಲಿ ಹೊಸ ಕಾರ್ಡು.
‘ಅಕ್ಕಾ, ನಂಗೆ ಯಾವ್ ಬಸ್ ಕೊಟ್ರಿ ಮಾರಾಯ್ರೆ?’
ಕಸುಬು: ಡ್ರೈವರ್.
ಚೌಕ ಖಾಲಿ ಬಂದಿತ್ತಂತೆ,
ರೊವೇನಾ ತನಗೆ ತೋಚಿದ್ದನ್ನು ತುಂಬಿದ್ದಳು.
ಇಪ್ಪತ್ತೊಂದು ವರ್ಷ ಹಡಗುಗಳ ಹೊಟ್ಟೆಯಡಿ ಮುಳುಗಿ
ಚಿಪ್ಪು ಕೆರೆದ ಡೈವರ್.
‘ಒಂದೇ ಒಂದು ಒತ್ತು ಹೆಚ್ಚಾಗಿದೆ,’ ಅಂದೆ, ನಾಚಿಕೆಯಾಗಿ.
‘ಒತ್ತು ನಂಗೆ ಹೊಸ್ತಲ್ಲ ಬಿಡಿ.
ಹನ್ನೆರಡು ಮೀಟರ್ ಇಳಿದ್ರೆ ತಲೆ ಮೇಲೆ ಬರೀ ಅದೇ.’

ಸಂಜೆ ಕೋಡು ಬಿಚ್ಚಿ ಕೂತೆ.
ಉಳಿದವರೆಲ್ಲ ಹೆಸರು, ಕಾಮಾ, ಹೆಸರು, ಕಾಮಾ.
ಡೈವರನಿಗೆ ಮಾತ್ರ ಪುಟ್ಟ ಆವರಣ, ಅದರೊಳಗೆ ಅವನದೇ ಲೆಕ್ಕ:
ನೀರಿನ ಒಂದು ಗಂಟೆ ದಡದ ಮೂರಕ್ಕೆ ಸಮ.
ಬರೆದವಳು ನಾನೇ. ಹೋದ ಚಳಿಗಾಲ
ಮ್ಯಾನೇಜರ ಹತ್ತಿರ ಜಗಳ ಕಾದು
ಅವರಿಗೆಂದೇ ಹಾಕಿದ ಸಾಲು.
ಸ್ವಂತದ ಮೈ ಬಂದದ್ದೇ
ಕನ್ನಡಿಯಲ್ಲಿ ಅವನದು ಬೇರೆ ಕುಲವಾಯಿತು.
ಎಣಿಕೆಯವನೇ ನೀನು? ಅಂದರೆ
ಅಲ್ಲ ಅನ್ನುತ್ತಾನೆ. ಸುಳ್ಳೂ ಅಲ್ಲ ಅದು.
ಪಟ್ಟಿಯಲ್ಲೇ ಇದ್ದಾನೆ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ತಿದ್ದಿದ್ದು ಅರ್ಧ ಸಾಲು:
ಅವನನ್ನು ಕೇಳಬೇಡ,
ಅವನ ಹೆಸರನ್ನು ಮೊದಲು ಹೇಳಿದ್ದು ಯಾವ ಮನೆಯೋ
ಅಲ್ಲಿ ಕೇಳು.

ಭಾನುವಾರ ಹೊಸ ಕಾರ್ಡು ಕೊಟ್ಟೆ.
ಹಳೆಯದನ್ನೂ ಜೇಬಿಗಿಳಿಸಿದರು ಖಾರ್ವಿ.
‘ಇರ್ಲಿ. ಲೈಸೆನ್ಸ್ ಇಲ್ದೆ ಡ್ರೈವರ್ ಆದವ
ನಮ್ಮೂರಲ್ಲಿ ನಾನೊಬ್ನೇ.’
ಹೋದರು. ಟೈಲ್ಸಿನ ಮೇಲೆ ಒದ್ದೆ ಹೆಜ್ಜೆ, ಬಾಗಿಲವರೆಗೂ.
ಏಸಿ ಗಾಳಿಗೆ
ಎಡಗಾಲಿನವು ಮೊದಲು ಒಣಗಿದವು.